ಮಾತಿಲ್ಲದ ಹನ್ನೊಂದು

ಮೀನಿಗೆ ಉಪ್ಪು ಹಾಕುತ್ತಿದ್ದ ಶೆಡ್ಡು ಇದು,
ಡಾನೆಗಾಲ್‌ನ ಈ ತುದಿಯಲ್ಲಿ, ರಸ್ತೆ ಮುಗಿಯುವಲ್ಲಿ.
ಬೀಗ ಬಿದ್ದು ಇಪ್ಪತ್ತು ವರ್ಷವಾಯಿತು.
ಆದರೂ ಗಾಳಿ ತಿರುಗಿದರೆ ಗೋಡೆ ಬೆವರುತ್ತದೆ,
ನೆಕ್ಕಿದರೆ ಇನ್ನೂ ಉಪ್ಪು.
ಇಲ್ಲೇ ಆಗಬೇಕು ಎಂದ ಕೋಂಡಿ ಬ್ರೆಸ್ಲಿನ್.
ಡಬ್ಲಿನ್ನಿನ ಸ್ಟುಡಿಯೋ ಗೋಡೆಗಳು
ಕೇಳಿಸಿಕೊಳ್ಳುವುದಿಲ್ಲವಂತೆ, ಬರೀ ನುಂಗುತ್ತವಂತೆ.

ನಾನು ಗುಂಡಿ ತಿರುಗಿಸುವವಳು.
ಕಿವಿಗೆ ಹೆಡ್‌ಫೋನು, ಮೊಣಕಾಲಿಗೆ ಕಂಬಳಿ,
ತೇವ ಹಿಡಿದ ಮೈಕಿಗೆ ಅಕ್ಕನ ಕೂದಲು ಒಣಗಿಸುವ ಯಂತ್ರ.
ಉಬ್ಬರದ ಹೊತ್ತಿಗೆ ಹಲಗೆಗಳಡಿ ನೀರು ಬಂದು ಕೆಮ್ಮುತ್ತದೆ,
ಹಾಗಾಗಿ ಇಳಿತದಲ್ಲಷ್ಟೇ ಕೆಲಸ.
ನಿನ್ನೆಗಿಂತ ಇವತ್ತು ಐವತ್ತು ನಿಮಿಷ ತಡ,
ನಾಳೆ ಇನ್ನೂ ಐವತ್ತು.
ಚಂದ್ರ ನಮ್ಮ ಮ್ಯಾನೇಜರು.

ನಲವತ್ತಾರು ವರ್ಷ ಇವನು
ಬೇರೆಯವರ ಹಾಡಿನ ಹಿಂದೆ ನಿಂತವನು.
ನೀವು ಕೇಳಿರುತ್ತೀರಿ, ಗೊತ್ತಿಲ್ಲದೆ.
ಹಾಡುವವರು ಉಸಿರೆಳೆದುಕೊಳ್ಳುವ ಸಂದಿಯಲ್ಲಿ
ಮೂರು ಸ್ವರ ಇಟ್ಟು ಸರಿದುಬಿಡುವವನು.
ಹೆಸರು ಹೊದಿಕೆಯ ಹಿಂಬದಿ, ಇರುವೆಸಾಲಿನಲ್ಲಿ,
ಒಮ್ಮೆ ಅದೂ ತಪ್ಪಾಗಿ.

ಎಪ್ಪತ್ತೆರಡಕ್ಕೆ ಈಗ ತನ್ನದೊಂದು.
ಆರು ತಂತಿಗಳಲ್ಲಿ ಮೂರನ್ನು ಒಂದೊಂದು ಸ್ವರ ಇಳಿಸಿದ.
ಇಳಿಯುವಾಗ ಅವು ನರಳಿದವು, ಅದೂ ಇರಲಿ ಎಂದ.
ಹಾಡುವವರು ಯಾರು?
ಯಾರೂ ಇಲ್ಲ.
ಪದ?
ಪದ ಅಮ್ಮನ ಹತ್ತಿರ ಇದ್ದವು.
ಸ್ಕಾಟ್ಲೆಂಡಿಗೆ ಆಲೂಗಡ್ಡೆ ಅಗೆಯಲು ಹೋದ ವರ್ಷ
ಏಳರ ಬಾಯಿಂದ ಐರಿಷ್ ಉದುರಿಹೋಯಿತು,
ಹಾಲುಹಲ್ಲಿನ ಹಾಗೆ.
ಹಲ್ಲಾದರೆ ಮತ್ತೆ ಬರುತ್ತದೆ.

ನಡೆ ಮಾತ್ರ ಉಳಿದಿತ್ತು.
ಮಾತಿನ ಒತ್ತು ಬೀಳಬೇಕಾದಲ್ಲಿ ಹೆಬ್ಬೆರಳು ಬೀಳುತ್ತಿತ್ತು.
ಕೂಗಿ ಕರೆಯುವಲ್ಲಿ ತಂತಿ ಎದ್ದು ನಿಲ್ಲುತ್ತಿತ್ತು,
ಬೈಗುಳಕ್ಕೆ ಮೊಟಕಾಗುತ್ತಿತ್ತು,
ಬಾಗಿಲು ಹಾಕೋ, ಥಂಡಿ ಬರ್ತಿದೆ, ಅನ್ನುವಂಥ ಒಂದು ಸಾಲು
ಯಾವ ಭಾಷೆಯಲ್ಲೂ ಅಲ್ಲದೆ.
ಮೇಲೆ ಕುಣಿತ, ತಕಿಟ ತಕಿಟ.
ಕೆಳಗೆ ಯಾರೋ ಬುಟ್ಟಿ ಹೊತ್ತು ಏರು ಹತ್ತುತ್ತಿದ್ದಾರೆ.

ಒಂಬತ್ತನೆಯದು ಕೂರುತ್ತಿರಲಿಲ್ಲ.
ಹದಿನೇಳು ಸಲ ನುಡಿಸಿದ.
ಮೂರನೆಯ ಸಾಲಿಗೆ ಬಂದು, ಸಂಕ ಕಂಡ ಕತ್ತೆಯಂತೆ,
ಅಲ್ಲಿಂದ ಮುಂದಕ್ಕೆ ಇಲ್ಲ.
ಉಂಗುರದ ಬೆರಳು ಬಾಗುತ್ತಿಲ್ಲ, ಸಂಧಿವಾತ,
ಎಂದು ಬೆರಳಿಗೇ ಬೈದ.

ಮೊಟ್ಟೆ ಕೊಡಲು ಬಂದ ನಾಬ್ಲಾ
ಕೆಂಪು ದೀಪ ಲೆಕ್ಕಿಸದೆ ಬಾಗಿಲಲ್ಲೇ ನಿಂತಿದ್ದಳು.
ತೊಂಬತ್ತು ದಾಟಿದ ಬಾಯಿ, ಒಳಗೊಳಗೇ ಆಡುತ್ತಿತ್ತು.
ಬೆರಳಲ್ಲ ಕಣೋ, ಅಂದಳು.
ಅಲ್ಲೊಂದು ಹೆಸರಿದೆ, ನೀನು ನುಂಗ್ತಿದೀಯ.
ಯಾರ ಹೆಸರು?
ಹೇಳಿದಳು. ಎರಡೂವರೆ ಅಕ್ಷರ.
ನೀವೆಲ್ಲ ಅಂದುಕೊಂಡ ಹಾಗೆ ಹುಡುಗಿಯದಲ್ಲ,
ದೋಣಿಯದು. ಒಂಬತ್ತು ಜನ ಇದ್ದರು ಅದರಲ್ಲಿ.

ಹದಿನೆಂಟನೆಯ ಸಲ ಅವನು
ಹೆಸರಿಗೆ ಜಾಗ ಬಿಟ್ಟ. ನುಡಿಸಲಿಲ್ಲ.
ಎರಡೂವರೆ ಮಾತ್ರೆ ಬರೀ ಶೆಡ್ಡು,
ತಗಡಿನ ಮೇಲೆ ಕಡಲಹಕ್ಕಿಯ ಉಗುರು,
ನಾಬ್ಲಾಳ ರಬ್ಬರ್ ಬೂಟಿನ ತಟ್ಟು.
ಆಮೇಲೆ ಗಿಟಾರು, ಏನೂ ಆಗದವರ ಹಾಗೆ.

ಕಂಪನಿಯಿಂದ ಫೋನು ಬಂತು.
ಒಂಬತ್ತನೆಯದರಲ್ಲಿ ಏನೋ ಬಿಟ್ಟುಹೋಗಿದೆ, ನೋಡಿ.
ಬೂಟಿನ ಸದ್ದೂ ಇದೆ, ತೆಗೆಯಬಹುದಲ್ಲ?
ತೆಗೆಯಬಹುದು. ಒಂದು ಗುಂಡಿ ಸಾಕು.
ಹೊದಿಕೆಗೆ ಹಸಿರು ಗುಡ್ಡ, ಪಾಳು ಕೋಟೆ,
ಸುತ್ತ ಗಂಟುಗಂಟು ಬಳ್ಳಿ ಬರೆಸುತ್ತೇವೆ,
ಜನ ಅದನ್ನೇ ಕೇಳುತ್ತಾರೆ, ಎಂದರು.
ಹಾಂ ಹಾಂ ಎಂದು ಇಟ್ಟೆ.

ಕೋಂಡಿ ಮೊಟ್ಟೆ ಬೇಯಿಸಿ ಸುಲಿಯುತ್ತಿದ್ದ,
ಬಾಗದ ಆ ಬೆರಳನ್ನು ಬದಿಗೆ ಚಾಚಿಕೊಂಡು.
ಉಪ್ಪೆಲ್ಲಿ, ಕೇಳಿದ.
ಗೋಡೆ ತೋರಿಸಿದೆ.